ಮೂರನೇ ಕೂಗು

ಮೈಕನ್ನು ಅವನ ಬಾಯಿಯ ಹತ್ತಿರ ತಂದಿಟ್ಟರು. ಸೈಕಲ್ ಟ್ಯೂಬಿಗೆ ಮುಳ್ಳು ಚುಚ್ಚಿದಾಗ ಬರುವಂಥ ಸದ್ದು ಬಂತು. ಇನ್ನೂ ಹತ್ತಿರ ಸರಿಸಿದರು. ಈಗ ಲಾರಿ ಟೈರಿನ ಸದ್ದು. ವಿಚಾರಣಾ ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಕನ್ನಡಕ ತಿಳಿಯಾದರೆ ಕಿವಿಯೂ ತಿಳಿಯಾಗುತ್ತದೆ ಎಂಬಂತೆ.

"ಏನಂದ್ರಿ?"

ಮತ್ತೆ ಬರೀ ಗಾಳಿ.

"ನಮಸ್ಕಾರ ಅಂತಿದಾರೆ ಮೇಡಂ," ಎಂದಳು ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ.

ಗುಡುಗಣ್ಣ ನಿಜವಾಗಿ ಅಂದದ್ದು, ಈ ದರಿದ್ರ ಮೈಕನ್ನ ಕಿಟಕಿಯಾಚೆ ಎಸೀರಿ, ಎಂದು.

ಗುಡುಗಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಅಂಥ ಗಂಟಲು ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ. ಅವನು ಬೆಳಿಗ್ಗೆ ಟೊಮೆಟೊಗೆ ಬಾಯಿ ತೆರೆದರೆ ಮಂಡಿಯ ತಗಡಿನ ಚಾವಣಿಯ ಮೇಲಿದ್ದ ಪಾರಿವಾಳಗಳು ಊರನ್ನೇ ಬಿಟ್ಟು ಹೋಗಿ, ಹರಾಜು ಮುಗಿಯಿತೆಂದು ಖಾತ್ರಿ ಮಾಡಿಕೊಂಡು ವಾಪಸಾಗುತ್ತಿದ್ದವು. ಮೂರು ಬೀದಿಯಾಚೆ ಬಚ್ಚಲಲ್ಲಿದ್ದ ಹೋಟೆಲಿನವನೊಬ್ಬ ಅಲ್ಲಿಂದಲೇ ಈರುಳ್ಳಿಯ ದರ ಕೇಳಿಸಿಕೊಂಡು, ಮೈಮೇಲಿನ ಸೋಪನ್ನೂ ತೊಳೆಯದೆ ಓಡಿಬಂದದ್ದನ್ನು ಕಂಡವರು ಈಗಲೂ ಬದುಕಿದ್ದಾರೆ. ಮಂಡಿಯ ಕಿವುಡ ಗುಮಾಸ್ತನಿಗೆ ಇವನ ಕೂಗಿನಿಂದಲೇ ಕಿವಿ ಬಂತು. ಕಿವಿ ನೆಟ್ಟಗಿದ್ದ ಇಬ್ಬರಿಗೆ ಹೋಯಿತು, ಅದು ಬೇರೆ ಮಾತು.

ಆದರೆ ಅವನ ನಿಜವಾದ ಕರಾಮತ್ತು ಇದ್ದದ್ದು ಕೂಗಿನಲ್ಲಲ್ಲ, ಕೂಗದೆ ನಿಲ್ಲುವುದರಲ್ಲಿ. "ಒಂದು ಸಾರಿ!" ಅನ್ನುವನು. "ಎರಡು ಸಾರಿ!" ಅನ್ನುವನು. ಆಮೇಲೆ ಬಾಯಿ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಡುವನು. ಆ ಎರಡಕ್ಕೂ ಮೂರಕ್ಕೂ ನಡುವಿನ ಜಾಗದಲ್ಲಿ ಇಡೀ ಮಂಡಿ ಉಸಿರು ಕಟ್ಟಿಕೊಳ್ಳುತ್ತಿತ್ತು. ಕೊತ್ತಂಬರಿ ಸೊಪ್ಪು ನಿಂತಲ್ಲೇ ಬಾಡುತ್ತಿತ್ತು. ಕಡೆಗೆ ಯಾರಾದರೊಬ್ಬನ ಎದೆ ತಡೆಯಲಾರದೆ ದರ ಇನ್ನಷ್ಟು ಏರುತ್ತಿತ್ತು. ಮೂರನೇ ಸಾರಿ ಅವನ ಬಾಯಿಂದ ಬಿತ್ತೋ, ಮುಗಿಯಿತು. ಮೇಲಿನಿಂದ ದೇವರೇ ಇಳಿದು ಬಂದು ಕೇಳಿದರೂ ಮಾಲು ವಾಪಸ್ಸಿಲ್ಲ.

ಈಗ ಆ ಗಂಟಲಿನ ಬುಡದಲ್ಲಿ ಅಡ್ಡಕ್ಕೆ ಒಂದು ತೆಳ್ಳನೆಯ ಗೆರೆಯಿತ್ತು, ದರ್ಜಿ ಹೊಲಿದಷ್ಟು ಚೆಂದದ್ದು. ಕತ್ತಿನೊಳಗಿನ ಥೈರಾಯ್ಡ್ ಗೆಡ್ಡೆ ನಿಂಬೆಹಣ್ಣಿನಿಂದ ಕಿತ್ತಳೆಗೆ ಬೆಳೆದು, ನೀರು ನುಂಗುವುದಕ್ಕೂ ಅಡ್ಡ ಬಂದಾಗ ಡಾಕ್ಟರು ಅದನ್ನು ತೆಗೆದಿದ್ದರು. ಗೆಡ್ಡೆ ಹೋಯಿತು, ಗಾಯ ಮಾಯಿತು, ನೀರು ಸಲೀಸಾಗಿ ಇಳಿಯಿತು. ಕೂಗು ಮಾತ್ರ ಬರಲಿಲ್ಲ. "ಒಳಗೆ ಊತ ಇದೆ, ಇಳಿಯತ್ತೆ," ಎಂದರು ಡಾಕ್ಟರು. ಮುಂದಿನ ತಿಂಗಳು ಹೋದರೆ, "ಇಳೀತಾ ಇದೆ." ಮಾವಿನಕಾಯಿಯ ಕಾಲ ಬಂದು ಹೋಯಿತು. ಹೂಕೋಸಿನ ಕಾಲ ಬಂದು ಹೋಯಿತು. ಬೇರೆ ಆಸ್ಪತ್ರೆಯ ಗಂಟಲಿನ ವೈದ್ಯರು ಮೂಗಿನೊಳಗೆ ಕೊಳವೆ ಇಳಿಸಿ ನೋಡಿ, "ಒಂದು ಧ್ವನಿತಂತು ಅಲ್ಲಾಡ್ತಾನೇ ಇಲ್ವಲ್ರೀ, ಅದಕ್ಕೆ ಹೋಗೋ ನರಕ್ಕೆ ಪೆಟ್ಟಾಗಿದೆ. ಇಷ್ಟು ದಿನ ಎಲ್ಲಿದ್ರಿ? ಮೊದಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು," ಎಂದಾಗಲೇ ಮನೆಯವರಿಗೆ ಗೊತ್ತಾದದ್ದು.

ಹಾಗಾಗಿ ದೂರು. ಹಾಗಾಗಿ, ಆಪರೇಷನ್ನಾದ ಆಸ್ಪತ್ರೆಯ ಮಹಡಿಯಲ್ಲೇ, ಈ ವಿಚಾರಣೆ.

ಮೇಜು ಎಷ್ಟು ಉದ್ದವಿತ್ತೆಂದರೆ ಆ ತುದಿಯಲ್ಲಿ ಕೂತವರಿಗೂ ಈ ತುದಿಯಲ್ಲಿ ಕೂತವರಿಗೂ ಬೇರೆ ಬೇರೆ ಹವಾಮಾನ. ಆ ತುದಿಯಲ್ಲಿ ಅಧ್ಯಕ್ಷೆ; ಅವರು ಸ್ವತಃ ನರೆತ ತಲೆಯ ಹಿರಿಯ ಸರ್ಜನ್, ಕೈಬೆರಳುಗಳನ್ನು ಮೇಜಿನ ಮೇಲೆ ಚಮಚಗಳಂತೆ ಜೋಡಿಸಿಟ್ಟುಕೊಂಡಿದ್ದರು. ಬಲಗಡೆ ಆಪರೇಷನ್ ಮಾಡಿದ ಡಾಕ್ಟರು, ಅವರ ಪಕ್ಕದಲ್ಲಿ ಆಸ್ಪತ್ರೆ ಕಡೆಯ ವಕೀಲ. ಎಡಗಡೆ ಗುಡುಗಣ್ಣ, ಅವನ ಹೆಂಡತಿ, ಹೆಂಡತಿಯ ತಮ್ಮ, ಮತ್ತೆ ಇವರ ವಕೀಲಮ್ಮ. ಮೈಕು ಸೋತ ಮೇಲೆ ವಕೀಲಮ್ಮ ಒಂದು ಬಿಳಿ ಹಾಳೆ ಮುಂದೆ ಸರಿಸಿದರು. ಗುಡುಗಣ್ಣ ಅದನ್ನು ಎರಡು ಬೆರಳಿನಿಂದ ವಾಪಸ್ ತಳ್ಳಿದ. ಹರಾಜು ಕೂಗಿದವನು ಬರೆದು ತೋರಿಸುವುದೆ?

"ಅವ್ರು ಹೇಳಿದ್ದು ನನಗೆ ಕೇಳಿಸತ್ತೆ ಮೇಡಂ," ಎಂದಳು ಹೆಂಡತಿ. "ನಾನು ಹೇಳ್ತೀನಿ."

ಅಧ್ಯಕ್ಷೆ ಆಸ್ಪತ್ರೆಯ ವಕೀಲನತ್ತ ನೋಡಿದರು. ಅವನು ಅಡ್ಡಿಯಿಲ್ಲ ಎಂಬಂತೆ ಕೈ ಬೀಸಿದ.

ಭಾಮೈದನ ಮುಖ ಆಗ ಅರಳಿದ್ದನ್ನು ನೋಡಬೇಕಿತ್ತು. ಅವನು ಕಾಯುತ್ತಿದ್ದದ್ದೇ ಇದಕ್ಕೆ. ಭಾವನ ಜಾಗದಲ್ಲಿ ಈಗ ಮಂಡಿಯಲ್ಲಿ ಕೈಮೈಕು ಹಿಡಿದು ಹರಾಜು ಕೂಗುತ್ತಿದ್ದವನು ಅವನೇ. ವ್ಯಾಪಾರಿಗಳು ಅವನ ಮುಂದೆಯೇ ಆಕಳಿಸುತ್ತಿದ್ದರು. ಭಾವನಿಗೆ ಮಾಲೀಕರು ತಕ್ಕಡಿಯ ಪಕ್ಕ ಒಂದು ಸ್ಟೂಲು ಹಾಕಿ, "ಕೂತಿರಪ್ಪ, ಸಂಬಳ ಬರ್ತಾ ಇರತ್ತೆ," ಎಂದಿದ್ದರು. ಆ ಸ್ಟೂಲಿನ ಮೇಲೆ ಗುಡುಗಣ್ಣ ಕೂತ ಭಂಗಿ ನೋಡಿ ಮೂಲಂಗಿ ಕೂಡ ಮುಖ ತಿರುಗಿಸುತ್ತಿತ್ತು. ಪರಿಹಾರ ಸಿಕ್ಕರೆ ಮಂಡಿಯ ಗೇಟಿನ ಎದುರು ಸ್ವಂತ ಮಳಿಗೆ. ಹೆಂಡತಿ ಅದರ ಮುಂಗಟ್ಟಿಗೆ ಯಾವ ಬಣ್ಣ ಎಂಬುದನ್ನೂ ಮನಸ್ಸಿನಲ್ಲಿ ಆರಿಸಿಯಾಗಿತ್ತು: ತಿಳಿ ಹಸಿರು.

ವಕೀಲಮ್ಮ ಮೊದಲ ದಿನವೇ ಬಿಡಿಸಿ ಹೇಳಿದ್ದರು. "ನೋಡಿ, ಧ್ವನಿ ಹೋಯ್ತು ಅನ್ನೋ ಒಂದೇ ಕಾರಣಕ್ಕೆ ಡಾಕ್ಟರು ತಪ್ಪು ಮಾಡಿದ್ರು ಅಂತಾಗಲ್ಲ. ಒಳ್ಳೆ ಡಾಕ್ಟರ ಕೈಯಲ್ಲೂ ಕೆಲವು ಸಲ ಕೆಡತ್ತೆ. ನಿಮ್ಮ ಸಹಿಯಂತೂ ಎಲ್ಲಾ ಹಾಳೆ ಮೇಲೂ ಇದೆ. ಆದರೆ ಧ್ವನಿ ಹೋಗಬಹುದು ಅಂತ ಅವರು ನಿಮಗೆ ಬಾಯಿಬಿಟ್ಟು ಹೇಳಿದ್ರಾ? ಅದೂ ಧ್ವನಿ ಮಾರಿ ಅನ್ನ ತಿನ್ನೋ ಮನುಷ್ಯನಿಗೆ? ಹೇಳಿಲ್ಲ ಅಂದ್ರೆ ನಮ್ಮ ಕಾಲ್ಕೆಳಗೆ ನೆಲ ಇದೆ. ಹೇಳಿದ್ರು ಅಂದ್ರೆ ಜಾರುತ್ತೆ. ಯೋಚನೆ ಮಾಡಿ ಉತ್ತರ ಕೊಡಿ, ಒಮ್ಮೆ ನನ್ನ ಕಿವಿಗೆ ಬಿದ್ದದ್ದನ್ನ ನಾನು ಮರೆಯೋ ಹಾಗಿಲ್ಲ."

"ಹೇಳೇ ಇಲ್ಲ ಮೇಡಂ," ಎಂದಿದ್ದ ಭಾಮೈದ, ಅವರ ಬಾಯಿ ಮುಚ್ಚುವ ಮೊದಲೇ. ಡಾಕ್ಟರು ಮಾತಾಡಿದ ದಿನ ಅವನು ಆಸ್ಪತ್ರೆಯ ಕಡೆ ತಲೆ ಕೂಡ ಹಾಕಿರಲಿಲ್ಲ.

ಇವತ್ತು ಬೆಳಿಗ್ಗೆ ಆಟೋದಲ್ಲಿ ಅಕ್ಕನ ಕಿವಿಗೆ ಬಾಯಿಟ್ಟು ಇನ್ನೊಂದು ಮಾತು ಸೇರಿಸಿದ್ದ. "ಅಕ್ಕ, ಭಾವನ ಬುದ್ಧಿ ನಿನಗೆ ಗೊತ್ತಲ್ಲ, ದೊಡ್ಡ ಸತ್ಯವಂತ. ಅವರು ಏನಾದ್ರೂ ಅಂದುಕೊಳ್ಳಲಿ. ನೀನು 'ಹೇಳಿಲ್ಲ' ಅನ್ನು. ಕೇಳಿಸೋದು ನಿನಗೊಬ್ಬಳಿಗೇ ತಾನೆ? ಅಂಗಡಿಯವರ ಹತ್ರ ದಿನಾ ಮಾಡ್ತೀಯಲ್ಲ, ಅದನ್ನೇ ಮಾಡು."

ದಿನಾ ಮಾಡುತ್ತಿದ್ದದ್ದು ನಿಜ. ಗುಡುಗಣ್ಣನ ದನಿ ಹೋದರೂ ಬಾಯಿಯ ಖಾರ ಹೋಗಿರಲಿಲ್ಲ. ಹಾಲಿನವನಿಗೆ ಅವನು ಪಿಸುಗುಡುವ ಬೈಗುಳ ಹೆಂಡತಿಯ ಬಾಯಲ್ಲಿ "ಮನೆ ಕಡೆ ಎಲ್ಲಾ ಕ್ಷೇಮಾನಾ ಅಂತಿದಾರೆ" ಆಗಿ ಹೊರಬರುತ್ತಿತ್ತು. ಇಷ್ಟು ವರ್ಷ ಆ ಮನೆಯಲ್ಲಿ ಅವಳು "ರೀ" ಅನ್ನುವಷ್ಟರಲ್ಲಿ ಅವನ ನಾಲ್ಕು ವಾಕ್ಯ ಮುಗಿದಿರುತ್ತಿದ್ದವು. ಈಗ ಅವನ ಒಂದೊಂದು ಮಾತೂ ಅವಳ ಸುಂಕದಕಟ್ಟೆ ದಾಟಿಯೇ ಆಚೆ ಹೋಗಬೇಕು. ಊರಲ್ಲಿ ಗುಡುಗಣ್ಣ ಬಹಳ ಸಾಧುವಾದನೆಂದು ಮಾತಾಗಿತ್ತು.

"ಸರಿ," ಎಂದರು ಅಧ್ಯಕ್ಷೆ. "ಸುತ್ತಿ ಬಳಸಿ ಬೇಡ. ಒಂದೇ ಮಾತು ಕೇಳ್ತೀನಿ. ಆಪರೇಷನ್ನಿಗೆ ಮುಂಚೆ, ನಿಮ್ಮ ಧ್ವನಿ ಹೋಗೋ ಸಾಧ್ಯತೆ ಇದೆ ಅಂತ ಡಾಕ್ಟರು ನಿಮಗೆ ಹೇಳಿದ್ರಾ?"

ಫ್ಯಾನು ಕಿರುಗುಟ್ಟುತ್ತಿತ್ತು. ಡಾಕ್ಟರು ತಲೆ ಎತ್ತಲಿಲ್ಲ. ಭಾಮೈದ ಮೇಜಿನ ಕೆಳಗೆ ಅಕ್ಕನ ಕಾಲನ್ನು ಒಂದು ಸಾರಿ ಒತ್ತಿದ.

ಗುಡುಗಣ್ಣ ಹೆಂಡತಿಯ ಕಡೆ ಬಾಗಿದ. ಅವನ ಉಸಿರು ಅವಳ ಕಿವಿಯ ಓಲೆಗೆ ತಾಗಿತು.

"ಹೇಳಿದ್ರು."

ಅಷ್ಟೆ. ಅವಳು ನೆಟ್ಟಗೆ ಕೂತಳು. ಬಾಯಿ ತೆರೆಯಲಿಲ್ಲ.

ಹೇಳಿದ್ದನ್ನು ಅವಳೂ ಕೇಳಿದ್ದಳು. ಅವನ ಅಂಗಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಆ ದಿನ ಡಾಕ್ಟರ ಕೋಣೆಯಲ್ಲೇ ಕೂತಿದ್ದಳು. ಡಾಕ್ಟರು ಕತ್ತಿನ ಚಿತ್ರ ತೋರಿಸಿ, ದನಿಯ ನರ ಗೆಡ್ಡೆಯ ಹಿಂದೆಯೇ ಹಾದುಹೋಗುತ್ತದೆ, ನೂಲಿನಷ್ಟು ಸಪೂರ, ಅಪರೂಪಕ್ಕೆ ಪೆಟ್ಟು ಬೀಳುವುದುಂಟು, ಬಿದ್ದರೆ ದನಿ ಒಡೆಯಬಹುದು, ಕೆಲವರಿಗೆ ವಾಪಸ್ ಬರುವುದೇ ಇಲ್ಲ ಎಂದು ಇನ್ನೂ ಹೇಳುತ್ತಿದ್ದಾಗಲೇ ಗುಡುಗಣ್ಣ ಬರಿಮೈಯಲ್ಲಿ ಎದ್ದು ನಿಂತಿದ್ದ. "ಡಾಕ್ಟ್ರೇ! ನನ್ನ ಧ್ವನಿ ಕೊಯ್ಯೋ ಕತ್ತಿ ಇನ್ನೂ ಯಾವ ಕುಲುಮೇಲೂ ಹುಟ್ಟಿಲ್ಲ! ಬೇಕಾ ಸ್ಯಾಂಪಲ್ಲು?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಡಾಕ್ಟರ ಕುರ್ಚಿಯನ್ನೇ ಹರಾಜಿಗೆ ಹಾಕಿದ್ದ. ಔಷಧದ ಕಪಾಟಿನ ಗಾಜು ನಡುಗಿತು. ನರ್ಸುಗಳು ಯಾರಿಗೋ ಪ್ರಾಣ ಹೋಯಿತೆಂದು ಓಡಿಬಂದರು. ಮೇಲಿನ ಮಹಡಿಯಲ್ಲಿ ತಿಂಗಳಿಂದ ಕಣ್ಣು ಬಿಡದಿದ್ದ ರೋಗಿಯೊಬ್ಬ ಎದ್ದು ಕೂತು "ಎಷ್ಟಕ್ಕೆ ಹೋಯ್ತು?" ಎಂದನಂತೆ. ನಕ್ಕೂ ನಕ್ಕೂ ಡಾಕ್ಟರ ಕಣ್ಣಲ್ಲಿ ನೀರು. ಅವಳೂ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದಳು. ಡಾಕ್ಟರು ಹೇಳುತ್ತಿದ್ದ ಮಾತಿನ ಉಳಿದರ್ಧ ಆ ನಗೆಯಲ್ಲಿ ಎಲ್ಲಿ ಹೋಯಿತೋ, ಯಾರೂ ಹುಡುಕಲಿಲ್ಲ.

ಭಾಮೈದನ ಕಾಲು ಎರಡನೇ ಸಾರಿ ಒತ್ತಿತು.

ಅವಳಿಗೆ ತಿಳಿಹಸಿರು ಮುಂಗಟ್ಟು ಕಾಣಿಸಿತು. ಸ್ಟೂಲು ಕಾಣಿಸಿತು. ಪಕ್ಕದಲ್ಲಿ ಗಂಡ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕೂತಲ್ಲೇ ನಿಂತವನಂತೆ, ಎದುರಿನ ಗೋಡೆ ನೋಡುತ್ತಿದ್ದ. ಅವಳನ್ನು ನೋಡಲಿಲ್ಲ. ಏನಾದರೂ ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಆಸ್ಪತ್ರೆಯ ವಕೀಲನ ಪೆನ್ನು ನಿಂತಿತು. ಡಾಕ್ಟರು ಈಗ ತಲೆ ಎತ್ತಿದ್ದರು. ಆ ಕೋಣೆಯಲ್ಲಿ ಕೊತ್ತಂಬರಿ ಸೊಪ್ಪಿದ್ದಿದ್ದರೆ ಒಣಗಿ ಪುಡಿಯಾಗುತ್ತಿತ್ತು.

"ಏನಂದ್ರಮ್ಮ ಅವ್ರು?" ಎಂದರು ಅಧ್ಯಕ್ಷೆ.

"ಹೇಳಿದ್ರು ಅಂತಿದಾರೆ," ಎಂದಳು ಅವಳು. ತನ್ನ ದನಿ ಅಷ್ಟು ದೊಡ್ಡದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ನಾನೂ ಅಲ್ಲೇ ಇದ್ದೆ. ಹೇಳಿದ್ರು. ಇವ್ರು ತಮಾಷೆ ಮಾಡಿದ್ರು. ನಾನು ನಕ್ಕೆ." ಮೇಜಿನಾಚೆ ಡಾಕ್ಟರ ಕಡೆ ನೋಡಿದಳು. "ಅವ್ರೂ ನಕ್ರು."

ಭಾಮೈದ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದ. "ಮುಗೀತು!" ಎಂದು ತನ್ನಷ್ಟಕ್ಕೇ ಅಂದದ್ದು ಕೈಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು, ಮಂಡಿಯಲ್ಲಿ ಅವನ ದನಿ ಒಮ್ಮೆಯೂ ಅಷ್ಟು ದೂರ ಹೋಗಿರಲಿಲ್ಲ. ಆಸ್ಪತ್ರೆಯ ವಕೀಲ ಕಾಗದಗಳನ್ನು ಒಟ್ಟುಮಾಡತೊಡಗಿದ. ವಕೀಲಮ್ಮ ಹಣೆಗೆ ಬೆರಳೊತ್ತಿದರು.

ಗುಡುಗಣ್ಣ ಮತ್ತೆ ಹೆಂಡತಿಯ ಕಡೆ ಬಾಗಿದ.

"ಇವ್ರದ್ದು ಒಂದು ಪ್ರಶ್ನೆ ಇದೆ ಮೇಡಂ. ಡಾಕ್ಟರಿಗೆ."

"ಕೇಳಿ."

ಮಂಡಿಯಲ್ಲಿ ಜಗಳ ತೀರಿಸುವುದೂ ಹರಾಜು ಕೂಗುವವನ ಕೆಲಸವೇ. ಕ್ರೇಟು ಬಿಚ್ಚಿದಾಗ ಒಳಗೆ ಟೊಮೆಟೊ ಕೊಳೆತಿದ್ದರೆ ಕೊಂಡವನು ಕುಣಿಯುತ್ತಾನೆ, ಮಾರಿದವನು ಆಣೆ ಇಡುತ್ತಾನೆ. ಗುಡುಗಣ್ಣ ಇಬ್ಬರನ್ನೂ ಸುಮ್ಮನಾಗಿಸಿ, ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಕ್ರೇಟಿನೊಳಗೆ ಕೈ ಇಳಿಸುತ್ತಿದ್ದ. ಕೊಳೆತದ್ದು ಅಲ್ಲಲ್ಲಿ ಚದುರಿ ಸಿಕ್ಕರೆ, ಅದು ದಾರಿಯ ಸೆಕೆ, ಲಾರಿಯ ಕುಲುಕಾಟ. ಕೊಂಡವನೇ ಅನುಭವಿಸಬೇಕು. ಆದರೆ ಕೊಳೆತದ್ದೆಲ್ಲ ತಳದಲ್ಲೇ ಒತ್ತಿ, ಅದರ ಮೇಲೆ ಕೆಂಪಗೆ ಹೊಳೆಯುವುದನ್ನು ಸಾಲಾಗಿ ಜೋಡಿಸಿದ್ದರೆ, ಅದನ್ನು ಮಂಡಿಯವರು ಸಿಂಗಾರದ ಕ್ರೇಟು ಎನ್ನುತ್ತಿದ್ದರು. ಆಗ ಅವನು ಮಾರಿದವನ ಮುಖಕ್ಕೆ ಮುಖ ತಂದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಪೈಲ್ವಾನರು ಅತ್ತಿದ್ದಾರೆ.

ಈಗ ಅದನ್ನೇ ಪಿಸುಗುಟ್ಟಿದ. ಹೆಂಡತಿ ಒಂದಕ್ಷರವನ್ನೂ ತಿದ್ದಲಿಲ್ಲ.

"ಕೆಟ್ಟಿದ್ದು ನಿಮಗೆ ಕಂಡಿತ್ತಾ? ಕಂಡ ಮೇಲೆ ಮುಚ್ಚಿದ್ರಾ?"

ಆಸ್ಪತ್ರೆಯ ವಕೀಲ ಡಾಕ್ಟರ ತೋಳು ಹಿಡಿದ. "ಇದಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ ಸರ್. ದೂರು ಇರೋದು ಆಪರೇಷನ್ನಿನ ಬಗ್ಗೆ ಮಾತ್ರ."

ಡಾಕ್ಟರು ತೋಳನ್ನು ನೋಡಿದರು, ವಕೀಲನ ಕೈ ಅದರ ಮೇಲಿರುವುದನ್ನು ಈಗಷ್ಟೇ ಕಂಡವರಂತೆ. ಬಿಡಿಸಿಕೊಂಡರು.

"ಗೆಡ್ಡೆ ನರಕ್ಕೆ ಅಂಟಿಕೊಂಡಿತ್ತು," ಎಂದರು. ಅಧ್ಯಕ್ಷೆಗೆ ಹೇಳುತ್ತಿದ್ದರು, ನೋಡುತ್ತಿದ್ದದ್ದು ಮಾತ್ರ ಗುಡುಗಣ್ಣನ ಕತ್ತಿನ ಗೆರೆಯನ್ನು. "ಬಿಡಿಸದೆ ಬೇರೆ ದಾರಿ ಇರಲಿಲ್ಲ. ಕತ್ತರಿಸಲಿಲ್ಲ. ಅಷ್ಟಂತೂ ಖಂಡಿತ. ಬಿಡಿಸುವಾಗ ಎಳೆತ ಬಿತ್ತು. ಕೈಗೆ ಗೊತ್ತಾಗತ್ತೆ."

"ಅಂಟಿಕೊಂಡಿದ್ರೆ ಬಿಡಿಸಲೇಬೇಕು," ಎಂದರು ಅಧ್ಯಕ್ಷೆ. "ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಕೈಯಲ್ಲೂ ಇಂಥ ನರಗಳು ಹೋಗಿವೆ." ಅವರ ಬೆರಳುಗಳು ಮೇಜಿನ ಮೇಲೆ ಒಮ್ಮೆ ಮುದುಡಿ ಮತ್ತೆ ಬಿಚ್ಚಿಕೊಂಡವು. "ಅವರು ಕೇಳಿದ್ದು ಅದಲ್ಲವಲ್ಲ."

"ಅಲ್ಲ."

"ಹಾಗಾದ್ರೆ?"

"ಕಂಡಿತ್ತು," ಎಂದರು ಡಾಕ್ಟರು. "ಸಂಜೆ ವಾರ್ಡಿಗೆ ಹೋದಾಗ ಇನ್ನೂ ಖಾತ್ರಿಯಾಯ್ತು. ಇವ್ರು ಬಾಯಿ ತೆಗೆದ್ರು, ಗಾಳಿ ಬಂತು. ನನ್ನನ್ನ ನೋಡಿ ನಕ್ರು. ಕುರ್ಚಿ ಹರಾಜು ಹಾಕಿದ್ದನ್ನ ನೆನಪಿಸೋ ಥರ ಕೈ ಮಾಡಿದ್ರು. ನಾನು ಊತ ಅಂದುಬಿಟ್ಟೆ. ಕೆಲವು ಸಲ ತಾನಾಗಿಯೇ ವಾಪಸ್ ಬರತ್ತೆ, ಬಂದ್ರೆ ಹೇಳೋದೇ ಬೇಡವಲ್ಲ ಅಂತ. ಮುಂದಿನ ಸಲವೂ ಹಾಗೇ ಅಂದೆ. ಒಂದು ಸಲ ಅಂದ ಮೇಲೆ..."

ವಕೀಲ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. ಮುಳುಗುವ ದೋಣಿಯಿಂದ ಚಪ್ಪಲಿಯನ್ನಾದರೂ ಉಳಿಸಿಕೊಳ್ಳುವವನ ಹಾಗೆ.

"ಗಂಟಲಿನ ಡಾಕ್ಟರ ಹತ್ರ ಆಗಲೇ ಕಳಿಸಿದ್ರೆ?" ಎಂದರು ವಕೀಲಮ್ಮ, ಹಣೆಯಿಂದ ಬೆರಳು ತೆಗೆದು.

"ಮೊದಲಿನ ಹಾಗೆ ಆಗ್ತಿರಲಿಲ್ಲ. ಆದರೆ ಇಷ್ಟು... ಇಷ್ಟು ಗಾಳಿ ಇರ್ತಿರಲಿಲ್ಲ."

ಗುಡುಗಣ್ಣ ಕಣ್ಣು ಮುಚ್ಚಿ ತೆರೆದ. ಹೆಂಡತಿ ಅವನ ತುಟಿಯನ್ನೇ ನೋಡುತ್ತಿದ್ದಳು. ಅದು ಅಲ್ಲಾಡಲಿಲ್ಲ.

ಅಧ್ಯಕ್ಷೆ ಮುಂದಿದ್ದ ಕಡತ ಮುಚ್ಚಿದರು. ಆಮೇಲೆ ಆಪರೇಷನ್ ಒಂದು ವಿಷಯ, ಅದಾದ ಮೇಲಿನದ್ದು ಇನ್ನೊಂದು ವಿಷಯ, ಎರಡನ್ನೂ ಬೇರೆ ಬೇರೆಯಾಗಿ ಕೂತು ನೋಡಬೇಕು, ತೀರ್ಮಾನವನ್ನು ಬರೆದು ಕಳಿಸುತ್ತೇವೆ ಎಂದರು. ಏಳುವಾಗ ಮೇಜು ಹಿಡಿದುಕೊಂಡು ಎದ್ದರು.

ಹೊರಗೆ ಮೊಗಸಾಲೆಯಲ್ಲಿ ಭಾಮೈದ ಅಕ್ಕನಿಗೆ ಅಡ್ಡ ನಿಂತ. "ನಿನ್ನ ಬಾಯಿಗೆ ಏನಾಗಿತ್ತಕ್ಕ? ಒಂದೇ ಒಂದು ಮಾತು! ಹಾಲಿನವನಿಗೆ ಹೇಳೋ ಸುಳ್ಳಲ್ಲಿ ಅರ್ಧ ಸಾಕಿತ್ತು!"

"ಹಾಲಿನವನು ಇವರ ಕತ್ತು ಕೊಯ್ದಿಲ್ವಲ್ಲೋ."

"ಅದಕ್ಕೇ ಅಲ್ವಾ ನಾನೂ ಹೇಳ್ತಿರೋದು!"

"ಅದಕ್ಕೇ ನಾನೂ ಇದ್ದದ್ದನ್ನ ಇದ್ದ ಹಾಗೇ ಹೇಳಿದ್ದು," ಎಂದಳು ಅವಳು. "ಹೋಗು, ಆಟೋ ಕರಿ."

ಅವನಿಗೆ ತಲೆಬುಡ ತಿಳಿಯಲಿಲ್ಲ. ವಕೀಲಮ್ಮ ಮಾತ್ರ ಅವನ ಭುಜ ತಟ್ಟಿ, "ಮುಗೀತು ಅಂತ ಯಾರು ಹೇಳಿದ್ರು ನಿಮಗೆ? ಈಗ ನನಗೆ ಕೆಲಸ ಶುರು," ಎನ್ನುತ್ತ ಮೆಟ್ಟಿಲ ಕಡೆ ಎಳೆದುಕೊಂಡು ಹೋದರು.

ಡಾಕ್ಟರು ಬಾಗಿಲಿನಿಂದ ಒಬ್ಬರೇ ಬಂದರು. ಆಳು ಎತ್ತರ, ಗುಡುಗಣ್ಣ ಅವರ ಎದೆಯವರೆಗೂ ಇರಲಿಲ್ಲ. ಮಂಡಿಯಲ್ಲಿ ಈ ಮಾತನ್ನು ಯಾರೂ ನಂಬುವುದಿಲ್ಲ, ಅಲ್ಲಿ ಅವನು ಆನೆಯಷ್ಟೆತ್ತರ. ಇಬ್ಬರೂ ಎದುರುಬದುರು ನಿಂತರು. ಗುಡುಗಣ್ಣನ ತುಟಿ ಅಲ್ಲಾಡಿತು. ಸ್ಟ್ರೆಚರೊಂದು ಗಡಗಡನೆ ಹಾದುಹೋಯಿತು, ಯಾರೋ ಯಾರನ್ನೋ ಕೂಗಿದರು, ಆ ಗದ್ದಲದಲ್ಲಿ ಆ ಉಸಿರು ಎಲ್ಲಿ ಕೇಳಬೇಕು? ಡಾಕ್ಟರು ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. "ನೀವೇ ಕೇಳಿಸ್ಕೊಳ್ಳಿ," ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ಡಾಕ್ಟರು ಗೋಡೆಗೆ ಒಂದು ಕೈ ಊರಿ ಬಗ್ಗಿದರು. ಇನ್ನೂ ಬಗ್ಗಿದರು. ಅವರ ಕಿವಿ ಗುಡುಗಣ್ಣನ ಬಾಯಿಗೆ ತಾಗುವಷ್ಟು ಹತ್ತಿರ ಬಂತು. ಗುಡುಗಣ್ಣ ಸೊಂಟದ ಮೇಲೆ ಕೈಯಿಟ್ಟ. ಎದೆ ಉಬ್ಬಿಸಿದ, ಹಿಂದೆ ಪಾರಿವಾಳಗಳನ್ನು ಹಾರಿಸಲು ಎಷ್ಟು ಗಾಳಿ ಬೇಕಾಗುತ್ತಿತ್ತೋ ಅಷ್ಟನ್ನೂ ಒಳಗೆಳೆದ. ಅವನ ತುಟಿಯನ್ನು ಓದಬಲ್ಲವಳಿಗೆ ದೂರದಿಂದಲೇ ಗೊತ್ತಾಯಿತು.

ಒಂದು ಸಾರಿ.

ಎರಡು ಸಾರಿ.

ಆಮೇಲೆ ಬಾಯಿ ಮುಚ್ಚಿ, ಎದುರಿನ ಗೋಡೆ ನೋಡುತ್ತ ನಿಂತ. ಸ್ಟ್ರೆಚರು ವಾಪಸ್ ಬಂತು, ಹೋಯಿತು. ಕೆಳಗೆ ಆಟೋ ಹಾರ್ನ್ ಬಾರಿಸಿತು, ಮತ್ತೊಮ್ಮೆ ಬಾರಿಸಿತು. ಡಾಕ್ಟರು ಬಗ್ಗಿಯೇ ಇದ್ದರು.